ಚಟ್ನಿಪುಡಿ ನಿಮ್ಮದು, ಹೆಸರು ಯಾರದು?

ಟ್ರೇಡ್‌ಮಾರ್ಕ್ ಅರ್ಜಿಯನ್ನು ಮನೆಯಲ್ಲೇ ಕೂತು ಹಾಕುವುದು ಹೇಗೆ, ಹಾಕಿದ ಮೇಲೆ ಕಾಯುವುದು ಹೇಗೆ

ಧಾರವಾಡದಲ್ಲಿ ನಮ್ಮ ಓಣಿಯ ಕೊನೆಯ ಮನೆಯವರು ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕುಟ್ಟಿ ಮಾರುತ್ತಾರೆ. ಪಾಕೀಟಿನ ಮೇಲೆ ಅವರ ಅವ್ವನ ಹೆಸರು, ಕೆಳಗೊಂದು ಒರಳಿನ ಚಿತ್ರ. ಆ ಹೆಸರನ್ನು ಟ್ರೇಡ್‌ಮಾರ್ಕ್, ಅಂದರೆ ತಮ್ಮ ಸರಕಿನ ನೋಂದಾಯಿತ ಗುರುತು, ಮಾಡಿಸಲೆಂದು ಮೂರು ವರ್ಷದ ಹಿಂದೆ ಒಬ್ಬ ಏಜೆಂಟರಿಗೆ ಹದಿನೈದು ಸಾವಿರ ಕೊಟ್ಟಿದ್ದರು. ಕೊಟ್ಟು ಮರೆತೂ ಬಿಟ್ಟಿದ್ದರು. ಇಂಜಿನಿಯರಿಂಗ್ ಓದುವ ಮಗಳು ಕಾಲೇಜಿನಲ್ಲಿ ಪೇಟೆಂಟ್ ಕಚೇರಿಯವರ ಆನ್‌ಲೈನ್ ತರಗತಿ ಕೇಳಿ ಬಂದವಳು ಅರ್ಜಿ ಸಂಖ್ಯೆ ಹಾಕಿ ನೋಡಿದಳು. ‘ಅಬ್ಯಾಂಡನ್ಡ್’, ಅಂದರೆ ಕೈಬಿಡಲಾಗಿದೆ, ಎಂದು ಬಂತು. ಸಂಜೆ ಮೊಬೈಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು: “ಅಣ್ಣಾರ, ಇದೇನಂತ ಸ್ವಲ್ಪ ನೋಡ್ರಿ. ನಮ್ಮ ಅರ್ಜಿ ಸತ್ತೈತೇನು?”

ಸತ್ತಿತ್ತು. ಹೆಸರಿನಲ್ಲಿ ದೋಷವಿರಲಿಲ್ಲ. ಟ್ರೇಡ್‌ಮಾರ್ಕ್ ಕಚೇರಿ ಅರ್ಜಿ ಪರಿಶೀಲಿಸಿ, ತನ್ನ ಪ್ರಶ್ನೆಗಳಿರುವ ಪರೀಕ್ಷಾ ವರದಿ ಕಳಿಸಿ ಉತ್ತರ ಕೇಳಿತ್ತು. ಅದು ಹೋಗಿದ್ದು ಏಜೆಂಟರ ಇಮೇಲ್‌ಗೆ. ಅರ್ಜಿಯಲ್ಲಿ ಬರೆದಿದ್ದುದು ಅವರದೊಂದೇ ವಿಳಾಸ. ಮೂವತ್ತು ದಿನ ಕಳೆಯಿತು, ಯಾರೂ ಉತ್ತರ ಬರೆಯಲಿಲ್ಲ. ಸಣ್ಣ ವ್ಯಾಪಾರಿಗಳ ಅರ್ಜಿಗಳು ಕಾನೂನಿಗೆ ಸೋತದ್ದಕ್ಕಿಂತ ಹೀಗೆ ತೆರೆಯದ ಇಮೇಲ್‌ಗೆ ಸೋತದ್ದನ್ನೇ ನಾನು ಹೆಚ್ಚು ಕಂಡಿದ್ದೇನೆ.

ಆ ಹುಡುಗಿ ಕೇಳಿದ್ದು ರಾಷ್ಟ್ರೀಯ ಬೌದ್ಧಿಕ ಆಸ್ತಿ ಜಾಗೃತಿ ಅಭಿಯಾನದ ತರಗತಿ, ಎಲ್ಲರ ಬಾಯಲ್ಲಿ ‘ನಿಪಮ್’. ಪೇಟೆಂಟ್, ಡಿಸೈನ್ ಮತ್ತು ಟ್ರೇಡ್‌ಮಾರ್ಕ್‌ಗಳ ಮಹಾನಿಯಂತ್ರಕರ ಕಚೇರಿ ಇದನ್ನು 2021ರ ಡಿಸೆಂಬರ್ 8ರಂದು ಶುರು ಮಾಡಿತು. 2022ರ ಆಗಸ್ಟ್ 15ರೊಳಗೆ 10 ಲಕ್ಷ ವಿದ್ಯಾರ್ಥಿಗಳಿಗೆ ಪೇಟೆಂಟು, ಟ್ರೇಡ್‌ಮಾರ್ಕಿನ ಪಾಠ ಹೇಳುವುದು ಗುರಿ. ಹದಿನೈದು ದಿನ ಮೊದಲೇ ಮುಟ್ಟಿತು. ಸಂಖ್ಯೆ ದೊಡ್ಡದೇ. ಆದರೆ ಪಾಠ ಕೇಳಿದವರಲ್ಲಿ ಹೆಚ್ಚಿನವರು ಕಾಲೇಜಿನ ಮಕ್ಕಳು. ಚಟ್ನಿ ಕುಟ್ಟುವವರು, ಸೀರೆ ನೇಯುವವರು, ಗಾಣ ಇಟ್ಟವರು ಆ ತರಗತಿಗಳಲ್ಲಿ ಇರಲಿಲ್ಲ. ಈ ಲೇಖನ ಅವರಿಗಾಗಿ.

ಮೊದಲ ಹೆಜ್ಜೆ: ಹೆಸರನ್ನೇ ಪರೀಕ್ಷೆಗೆ ಹಚ್ಚಿ

ಸರಕಿನ ಗುಣವನ್ನೇ ಹೇಳುವ ಹೆಸರು ನೋಂದಣಿಯಾಗುವುದು ಕಷ್ಟ. ‘ಶುದ್ಧ ತುಪ್ಪ’, ‘ಖಾರದ ಪುಡಿ’, ‘ಮನೆ ರುಚಿ’ ಇವೆಲ್ಲ ಎಲ್ಲ ವ್ಯಾಪಾರಿಗಳಿಗೂ ಬೇಕಾದ ಮಾತುಗಳು, ಒಬ್ಬರ ಸೊತ್ತಾಗಿ ಕೊಡಲು ಬರುವುದಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಹೇಳುವುದು ಇದನ್ನೇ. ಊರಿನ ಹೆಸರು ಸೇರಿಸುವಾಗ ಇನ್ನೂ ಎಚ್ಚರ ಬೇಕು. ಧಾರವಾಡ ಪೇಡ, ಬ್ಯಾಡಗಿ ಮೆಣಸಿನಕಾಯಿ, ಇಳಕಲ್ ಸೀರೆ, ಮಟ್ಟುಗುಳ್ಳಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದು ಇಡೀ ಸೀಮೆಯ ಉತ್ಪಾದಕರ ಹಕ್ಕು; ಅದನ್ನು ಒಬ್ಬರ ಟ್ರೇಡ್‌ಮಾರ್ಕ್ ಮಾಡಿಕೊಡಲು ಕಾನೂನು ಒಪ್ಪುವುದಿಲ್ಲ.

ಸರಕಿಗೆ ಸಂಬಂಧವೇ ಇಲ್ಲದ ಪದ, ನೀವೇ ಕಟ್ಟಿದ ಪದ, ಅಥವಾ ನಮ್ಮ ಓಣಿಯವರಂತೆ ಅಪರೂಪದ ಹಳೆಯ ಹೆಸರು ಗಟ್ಟಿ. ದೇವರ ಹೆಸರು? ಸಿಗಬಹುದು, ಆದರೆ ಅದೇ ದೇವರಿಗೆ ಹರಕೆ ಹೊತ್ತವರು ಊರೂರಲ್ಲಿ ಇರುತ್ತಾರೆ.

ಎರಡನೆಯದು: ವರ್ಗ

ಸರಕು-ಸೇವೆಗಳನ್ನು 45 ವರ್ಗ ಮಾಡಿದ್ದಾರೆ. 1ರಿಂದ 34 ಸರಕು, 35ರಿಂದ 45 ಸೇವೆ. ಮಸಾಲೆ, ಚಟ್ನಿಪುಡಿ, ಕಾಫಿಪುಡಿ, ಹಿಟ್ಟು 30ರಲ್ಲಿ. ಉಪ್ಪಿನಕಾಯಿ, ಹಾಲು, ಅಡುಗೆ ಎಣ್ಣೆ 29ರಲ್ಲಿ. ಊದುಬತ್ತಿ 3ರಲ್ಲಿ, ಬಟ್ಟೆಬರೆ 25ರಲ್ಲಿ, ಖಾನಾವಳಿ 43ರಲ್ಲಿ. ಶುಲ್ಕ ಪ್ರತಿ ವರ್ಗಕ್ಕೂ ಬೇರೆ. ಚಟ್ನಿಪುಡಿಯ ಜೊತೆಗೆ ಉಪ್ಪಿನಕಾಯಿಯನ್ನೂ ಮಾರುವವರಿಗೆ ಎರಡು ವರ್ಗ, ಎರಡು ಶುಲ್ಕ.

ವರ್ಗ ಎಷ್ಟು ಮುಖ್ಯ ಎಂದು ತಿಳಿಯಲು ನಮ್ಮ ‘ನಂದಿನಿ’ಯ ಕಥೆ ಸಾಕು. ಕರ್ನಾಟಕ ಹಾಲು ಮಹಾಮಂಡಳಿ 1985ರಿಂದ ಆ ಹೆಸರಿನಲ್ಲಿ ಹಾಲು ಮಾರುತ್ತಿದೆ. 1989ರಿಂದ ಬೆಂಗಳೂರಿನಲ್ಲಿ ‘ನಂಧಿನಿ’ ಹೆಸರಿನ ಹೋಟೆಲುಗಳಿವೆ. ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಎಚ್’ ಹೆಚ್ಚು. ಹೋಟೆಲಿನವರು ಹಾಲಿರುವ 29ನೇ ವರ್ಗದಲ್ಲೇ ಮಾಂಸ, ಮೀನು ಮುಂತಾದ ಸರಕಿಗೆ ಈ ಹೆಸರು ಕೇಳಿದಾಗ ಮಂಡಳಿ ತಕರಾರು ತೆಗೆಯಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರ ಜುಲೈನಲ್ಲಿ ತೀರ್ಪು ಹೋಟೆಲಿನ ಕಡೆಗೆ ಬಂತು. ನಂದಿನಿ ಪುರಾಣದ ದೇವಿಯ, ಹಸುವಿನ ಹೆಸರು, ಚಿಹ್ನೆಗಳು ನೋಡಲು ಬೇರೆ, ಸರಕೂ ಬೇರೆ ಎಂಬುದು ತರ್ಕ. ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಮಾತ್ರ ಹೋಟೆಲಿನವರಿಗೆ ಆ ಹೆಸರಿನ ನೋಂದಣಿ ಇಲ್ಲ. ಒಂದೇ ವರ್ಗದ ಒಳಗೂ ಯಾವ ಸರಕು ಎಂದು ಬರೆಯುತ್ತೀರಿ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಹಾಗಾಗಿ ಸರಕಿನ ಪಟ್ಟಿಯನ್ನು ಏಜೆಂಟರ ಗುಮಾಸ್ತರಿಗೆ ಬಿಡಬೇಡಿ, ಕೂತು ನೀವೇ ಬರೆಯಿರಿ.

ಮೂರನೆಯದು: ಹುಡುಕಾಟ

ಕಚೇರಿಯ ಐಪಿ ಇಂಡಿಯಾ ಜಾಲತಾಣದಲ್ಲಿ ‘ಪಬ್ಲಿಕ್ ಸರ್ಚ್’ ಉಚಿತ. ಹೆಸರು ಮತ್ತು ವರ್ಗದ ಸಂಖ್ಯೆ ಹಾಕಿದರೆ ಈಗಾಗಲೇ ಇರುವ ಅರ್ಜಿಗಳು ಸಾಲಾಗಿ ಬರುತ್ತವೆ. ಒಂದೇ ಸಲ ಹುಡುಕಿ ‘ಏನೂ ಇಲ್ಲ’ ಎಂದು ಎದ್ದುಬಿಡಬೇಡಿ. ಕನ್ನಡದ ಹೆಸರಿಗೆ ಇಂಗ್ಲಿಷಿನಲ್ಲಿ ನಾಲ್ಕು ಕಾಗುಣಿತ ಇರುತ್ತದೆ. ದೀರ್ಘಕ್ಕೆ ಅಕ್ಷರ ಎರಡು ಮಾಡಿ, ಒಂದು ಮಾಡಿ, ‘ಎಚ್’ ಹಾಕಿ, ತೆಗೆದು ನೋಡಿ. ‘ಫೊನೆಟಿಕ್’ ಎಂಬ ಆಯ್ಕೆ ಉಚ್ಚಾರ ಹೋಲುವುದನ್ನು ಹುಡುಕುತ್ತದೆ, ಅದನ್ನು ಬಿಡಲೇಬೇಡಿ. 2024ರ ಸೆಪ್ಟೆಂಬರಿನಲ್ಲಿ ಕೃತಕ ಬುದ್ಧಿಮತ್ತೆಯ ಟ್ರೇಡ್‌ಮಾರ್ಕ್ ಹುಡುಕಾಟವೂ ‘ಐಪಿ ಸಾರಥಿ’ ಎಂಬ ಚಾಟ್‌ಬಾಟ್ ಕೂಡ ಬಂದಿವೆ. ಬಳಸಿ, ಆದರೆ ಯಂತ್ರ ಹೇಳಿತೆಂದು ನಿಮ್ಮ ಕಣ್ಣಿಗೆ ರಜೆ ಕೊಡಬೇಡಿ.

ನಾಲ್ಕನೆಯದು: ಅರ್ಜಿ

ಅರ್ಜಿಯ ಹೆಸರು ಟಿಎಂ-ಎ. ಕರ್ನಾಟಕದವರು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತೇವೆ, ಆದರೆ ಆನ್‌ಲೈನ್‌ನಲ್ಲಿ ಹಾಕಿದರೆ ಚೆನ್ನೈ ರೈಲು ಹತ್ತುವ ಕೆಲಸವಿಲ್ಲ. ಡಿಜಿಟಲ್ ಸಹಿಯ ಟೋಕನ್ ಬೇಕು. ಪೆನ್‌ಡ್ರೈವ್‌ನಂತೆ ಇರುತ್ತದೆ, ಇದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ವ್ಯಕ್ತಿಯ ಹೆಸರಿನಲ್ಲಿ ಹಾಕಿದರೆ, ಅಥವಾ ಮಾನ್ಯತೆ ಇರುವ ಸ್ಟಾರ್ಟಪ್, ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮ ಆಗಿದ್ದರೆ ಒಂದು ವರ್ಗಕ್ಕೆ 4,500 ರೂಪಾಯಿ. ಉಳಿದವರಿಗೆ 9,000. ಪಾಲುದಾರಿಕೆ ಸಂಸ್ಥೆಯವರು ಉದ್ಯಮ್ ಪ್ರಮಾಣಪತ್ರ ಲಗತ್ತಿಸದೆ ಸುಮ್ಮನೆ ದುಪ್ಪಟ್ಟು ಕಟ್ಟಿದ್ದನ್ನು ನೋಡಿ ನನಗೆ ಹೊಟ್ಟೆ ಉರಿದದ್ದುಂಟು.

ಅರ್ಜಿ ತುಂಬುವಾಗ ಮೂರು ಕಡೆ ಕೈ ತಡೆಯುತ್ತದೆ.

ಒಂದು, ಲಿಪಿ. ಪಾಕೀಟಿನ ಮೇಲೆ ಹೆಸರು ಕನ್ನಡದಲ್ಲಿದ್ದರೆ ಕನ್ನಡದಲ್ಲೇ ನೋಂದಾಯಿಸಬಹುದು, ಯಾರೂ ಬೇಡ ಎನ್ನುವುದಿಲ್ಲ. ಅದರ ಉಚ್ಚಾರವನ್ನೂ ಅರ್ಥವನ್ನೂ ಇಂಗ್ಲಿಷ್ ಇಲ್ಲವೇ ಹಿಂದಿಯಲ್ಲಿ ಬರೆದು, ಭಾಷೆ ಕನ್ನಡ ಎಂದು ನಮೂದಿಸಬೇಕು, ಅಷ್ಟೆ. ಎಷ್ಟೋ ಜನ ಇಂಗ್ಲಿಷಿನಲ್ಲೇ ಮಾಡಿಸಬೇಕೆಂದು ತಪ್ಪು ತಿಳಿದಿದ್ದಾರೆ.

ಎರಡು, ಬಣ್ಣ. ಚಿತ್ರವನ್ನು ಬಣ್ಣದಲ್ಲಿ ಕೊಟ್ಟು ಆ ಬಣ್ಣವನ್ನೇ ಹಕ್ಕಾಗಿ ಕೇಳಿದರೆ ರಕ್ಷಣೆ ಅಷ್ಟಕ್ಕೇ ಸೀಮಿತ. ಕಪ್ಪು-ಬಿಳುಪಿನಲ್ಲಿ ಕೊಟ್ಟರೆ ಎಲ್ಲ ಬಣ್ಣಕ್ಕೂ ಅನ್ವಯ. ಅಳತೆ 8 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲ ಮೀರಬಾರದು.

ಮೂರು, ‘ಎಂದಿನಿಂದ ಬಳಸುತ್ತಿದ್ದೀರಿ?’ ಎಂಬ ಪ್ರಶ್ನೆ. ಇನ್ನೂ ವ್ಯಾಪಾರ ಶುರುವಾಗಿಲ್ಲವೆಂದರೆ ಬಳಸುವ ಉದ್ದೇಶವಿದೆ ಎಂದು ಹಾಕಬಹುದು. ಶುರುವಾಗಿದ್ದರೆ ಮೊದಲ ದಿನಾಂಕ ಹಾಕಿ, ಅಫಿಡವಿಟ್ಟಿನ ಜೊತೆ ಪುರಾವೆ ಲಗತ್ತಿಸಬೇಕು. ನಮ್ಮ ದೇಶದಲ್ಲಿ ಮೊದಲು ನೋಂದಾಯಿಸಿದವರಿಗಿಂತ ಮೊದಲು ಬಳಸಿದವರ ಕೈ ಮೇಲು. ಆದ್ದರಿಂದ ಮೊದಲ ಬಿಲ್ಲು, ಪಾಕೀಟು ಅಚ್ಚು ಹಾಕಿಸಿದ ಪ್ರೆಸ್ಸಿನ ರಸೀದಿ, ಸಂತೆ ಅಥವಾ ಮೇಳದಲ್ಲಿ ಮಳಿಗೆ ಹಿಡಿದ ಚೀಟಿ, ಇವು ಬಂಗಾರ. ನಮ್ಮ ಓಣಿಯವರಿಗೆ ಸಿಕ್ಕ ಅತಿ ಹಳೆಯ ಪುರಾವೆ ಏನು ಗೊತ್ತೇ? ಹಿಟ್ಟಿನ ಡಬ್ಬಿಯ ತಳಕ್ಕೆ ಹಾಸಿದ್ದ ಪ್ರೆಸ್ಸಿನ ಬಿಲ್ಲು. ಎಣ್ಣೆ ಹತ್ತಿತ್ತು, ದಿನಾಂಕ ಮಾತ್ರ ಸ್ಪಷ್ಟವಾಗಿತ್ತು.

ಇಮೇಲ್ ಜಾಗದಲ್ಲಿ ನಿಮ್ಮದೇ ವಿಳಾಸ ಇರಲಿ. ಏಜೆಂಟರ ಮೂಲಕ ಹೋಗುವುದಾದರೆ ಅವರದೂ ಇರಲಿ, ನಿಮ್ಮದೂ ಇರಲಿ, ಅರ್ಜಿ ಸಂಖ್ಯೆ ಅಡುಗೆಮನೆ ಕ್ಯಾಲೆಂಡರಿನ ಮೇಲೆ ಬರೆದಿರಲಿ.

ಐದನೆಯದು: ಕಾಯುವುದು

ಅರ್ಜಿ ಹಾಕಿದ ಮರುದಿನದಿಂದ ಹೆಸರಿನ ಪಕ್ಕ ‘ಟಿಎಂ’ ಎಂದು ಹಾಕಿಕೊಳ್ಳಬಹುದು. ವೃತ್ತದೊಳಗಿನ ‘ಆರ್’ ನೋಂದಣಿ ಆದ ಮೇಲೆಯೇ. ಅದಕ್ಕೆ ಮೊದಲು ಹಾಕುವುದು ಕಾನೂನಿನ ಪ್ರಕಾರ ತಪ್ಪು.

ಆಮೇಲೆ ಎರಡು ಪದ ಗಾಬರಿ ಹುಟ್ಟಿಸುತ್ತವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ‘ಆಬ್ಜೆಕ್ಟೆಡ್’ ಎಂದರೆ ಕಚೇರಿಯ ಪರೀಕ್ಷಕರೇ ಪ್ರಶ್ನೆ ಕೇಳಿದ್ದಾರೆ ಎಂದು. ಬಹಳಷ್ಟು ಅರ್ಜಿಗಳಿಗೆ ಇದು ಬರುತ್ತದೆ, ಹೆದರುವ ಕಾರಣವಿಲ್ಲ. ವರದಿ ಕೈಸೇರಿದ 30 ದಿನದೊಳಗೆ, ನಿಮ್ಮ ಹೆಸರು ಹೇಗೆ ಬೇರೆ, ಎಷ್ಟು ಕಾಲದಿಂದ ಬಳಸುತ್ತಿದ್ದೀರಿ ಎಂದು ಪುರಾವೆ ಸಮೇತ ಬರೆದರಾಯಿತು. ಒಪ್ಪದಿದ್ದರೆ ವಿಚಾರಣೆಗೆ ಕರೆಯುತ್ತಾರೆ, ವಿಡಿಯೋದಲ್ಲೇ ನಡೆಯುತ್ತದೆ.

‘ಅಪೋಸ್ಡ್’ ಬೇರೆ. ಕಚೇರಿ ಒಪ್ಪಿದ ಹೆಸರನ್ನು ಪ್ರತಿ ಸೋಮವಾರ ಹೊರಬರುವ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಹಾಕುತ್ತಾರೆ. ಅಲ್ಲಿಂದ ನಾಲ್ಕು ತಿಂಗಳು ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ಸಲ್ಲಿಸಿದರೆ ಅದರ ಪ್ರತಿ ನಿಮಗೆ ಬಂದ ಎರಡು ತಿಂಗಳಲ್ಲಿ ಪ್ರತಿಹೇಳಿಕೆ ಕೊಡಲೇಬೇಕು. ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. ಈ ಹಂತಕ್ಕೆ ಬಂದರೆ ವಕೀಲರನ್ನು ಹಿಡಿಯಿರಿ. ಇಲ್ಲಿ ಮಾತ್ರ ನಾನು ಜಿಪುಣತನ ಮಾಡಬೇಡಿ ಎನ್ನುತ್ತೇನೆ.

ಇನ್ನೊಂದು ಕಾಟವಿದೆ. ಜರ್ನಲ್ ಎಲ್ಲರಿಗೂ ತೆರೆದ ಪುಸ್ತಕ, ಅರ್ಜಿದಾರರ ವಿಳಾಸವೂ ಅದರಲ್ಲಿರುತ್ತದೆ. ಅದನ್ನು ನೋಡಿ ‘ನಿಮ್ಮ ಪ್ರಮಾಣಪತ್ರ ತಯಾರಿದೆ, ತಕ್ಷಣ ಇಷ್ಟು ಕಟ್ಟಿ’ ಎಂದು ಸರ್ಕಾರಿ ಮುದ್ರೆಯಂಥದ್ದೇ ಮುದ್ರೆ ಒತ್ತಿ ಕಾಗದ ಬರೆಯುವವರಿದ್ದಾರೆ. ನೋಂದಣಿ ಪ್ರಮಾಣಪತ್ರಕ್ಕೆ ಬೇರೆ ಶುಲ್ಕವಿಲ್ಲ. ಯಾರ ಖಾತೆಗೂ, ಯಾವ ಕ್ಯೂಆರ್ ಕೋಡಿಗೂ ಹಣ ಹಾಕುವ ಮೊದಲು ಅಧಿಕೃತ ಜಾಲತಾಣದಲ್ಲಿ ನಿಮ್ಮ ಅರ್ಜಿಯ ಸ್ಥಿತಿ ನೋಡಿ.

ತಕರಾರಿಲ್ಲದೆ ನಾಲ್ಕು ತಿಂಗಳು ದಾಟಿದರೆ ನೋಂದಣಿ. ಅರ್ಜಿ ಹಾಕಿದ ದಿನದಿಂದ ಲೆಕ್ಕ ಹಿಡಿದು 10 ವರ್ಷ, ಆಮೇಲೆ ವರ್ಗಕ್ಕೆ 9,000 ಕಟ್ಟಿ ಹತ್ತತ್ತು ವರ್ಷಕ್ಕೆ ನವೀಕರಿಸುತ್ತ ಹೋಗಬಹುದು. ಹೊಸ ಆವಿಷ್ಕಾರಕ್ಕೆ ಕೊಡುವ ಪೇಟೆಂಟ್ 20 ವರ್ಷಕ್ಕೆ ಮುಗಿಯುತ್ತದೆ. ಹೆಸರಿಗೆ ಆ ಮಿತಿಯಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಆದರೆ ಐದು ವರ್ಷ ಬಳಸದೆ ಕಪಾಟಿನಲ್ಲಿಟ್ಟರೆ ತೆಗೆದುಹಾಕಿ ಎಂದು ಬೇರೆಯವರು ಕೇಳಬಹುದು.

ಸಹಾಯ ಎಲ್ಲಿ?

ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ 2016ರಿಂದ ‘ಸಿಪ್’ ಯೋಜನೆ ಇದೆ. ಕಚೇರಿಯ ಪಟ್ಟಿಯಲ್ಲಿರುವ ಫೆಸಿಲಿಟೇಟರ್‌ಗಳು ಅರ್ಜಿ ತಯಾರಿಸಿ ಹಾಕಿಕೊಡುತ್ತಾರೆ, ಅವರ ಸಂಭಾವನೆಯನ್ನು ಸರ್ಕಾರ ಕೊಡುತ್ತದೆ, ನೀವು ಕಟ್ಟುವುದು ಅರ್ಜಿ ಶುಲ್ಕವನ್ನಷ್ಟೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಪೇಟೆಂಟ್ ಮಾಹಿತಿ ಕೇಂದ್ರವಿದೆ. ಏಪ್ರಿಲ್ 26 ವಿಶ್ವ ಬೌದ್ಧಿಕ ಆಸ್ತಿ ದಿನ. ಆ ಹೊತ್ತಿಗೆ ಕಾಲೇಜುಗಳಲ್ಲಿ ಕಾರ್ಯಕ್ರಮ ನಡೆದರೆ, ವಿದ್ಯಾರ್ಥಿಯಲ್ಲದಿದ್ದರೂ ಹಿಂದಿನ ಸಾಲಿನಲ್ಲಿ ಕೂರಬಹುದೇ ಎಂದು ಕೇಳಿ ನೋಡಿ.

ನಮ್ಮ ಓಣಿಯವರು ಹೊಸದಾಗಿ ಅರ್ಜಿ ಹಾಕಿದರು. ಈ ಸಲ 30ನೇ ವರ್ಗ ಒಂದೇ, ಹೆಸರು ಕನ್ನಡದಲ್ಲಿ, ಒರಳು ಕಪ್ಪು-ಬಿಳುಪಿನಲ್ಲಿ, 4,500 ರೂಪಾಯಿ. ಪರೀಕ್ಷಾ ವರದಿ ಬಂದಾಗ ಆ ಎಣ್ಣೆ ಹತ್ತಿದ ಬಿಲ್ಲನ್ನು ಸ್ಕ್ಯಾನ್ ಮಾಡಿ ಮಗಳೇ ಉತ್ತರ ಬರೆದಳು. ಈಗ ಜರ್ನಲ್‌ನಲ್ಲಿ ಬಂದಿದೆ, ನಾಲ್ಕು ತಿಂಗಳಲ್ಲಿ ಎರಡು ಕಳೆದಿವೆ. ಸೋಮವಾರ ಬೆಳಿಗ್ಗೆ ಬಸವಣ್ಣನ ಗುಡಿಯಿಂದ ಬಂದವರೇ ಮೊದಲು ಕೇಳುವುದು: “ತಂಗಿ, ಯಾರರ ತಕರಾರ ಹಾಕ್ಯಾರೇನು ನೋಡವಾ.”