ಬಾರ್ಬಡೋಸ್‌ನಲ್ಲಿ ದೆವ್ವ ಹುಡುಕಿದ ನಾಲ್ಕು ದಿನ

ಕೆರಿಬಿಯನ್ ದ್ವೀಪ ಬಾರ್ಬಡೋಸ್‌ಗೆ ಹೋಗೋಣವೆಂದಾಗ ಭಾವಮೈದುನ ಒಂದೇ ಮಾತಿಗೆ ಒಪ್ಪಿದ. ಕಾರಣ ದೆವ್ವವಲ್ಲ, ಕ್ರಿಕೆಟ್. 2024ರ ಜೂನ್ 29ರಂದು ಭಾರತ ಟಿ20 ವಿಶ್ವಕಪ್ ಗೆದ್ದದ್ದು, ನಮ್ಮ ದ್ರಾವಿಡ್ ಕಪ್ ಎತ್ತಿ ಕೂಗಿದ್ದು ಅಲ್ಲಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ. ಒಂದು ದಿನ ಅವನ ಮೈದಾನಕ್ಕೆ, ಮೂರು ದಿನ ನನ್ನ ದೆವ್ವಗಳಿಗೆ ಎಂದು ಒಪ್ಪಂದವಾಯಿತು.

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲವಾದ್ದರಿಂದ ಫೆಬ್ರುವರಿ ಆರಿಸಿದೆವು. ಭಾವಮೈದುನನ ಮಿಲಿಟರಿ ಚಿತ್ತಾರದ ಪ್ಯಾಂಟನ್ನು ಪೆಟ್ಟಿಗೆಯಿಂದ ತೆಗೆಸಿದೆ. ಆ ದೇಶದಲ್ಲಿ ಸಾಮಾನ್ಯ ಜನ ಅದನ್ನು ತೊಡುವುದು ಅಪರಾಧ. ದ್ವೀಪದ ಉದ್ದ 34 ಕಿಲೋಮೀಟರ್, ಅಗಲ 23. ಇಷ್ಟು ಸಣ್ಣ ಊರನ್ನು ಎರಡು ರಾತ್ರಿಯಲ್ಲಿ ಮುಗಿಸಬಹುದೆಂದು ಲೆಕ್ಕ ಹಾಕಿದ್ದೆ. ನನ್ನ ಯೋಜನೆ ಎಡವಿದ್ದೇ ಅಲ್ಲಿ. ದೆವ್ವವೆಂದರೆ ರಾತ್ರಿಯ ಕೆಲಸ ಎಂದುಕೊಂಡು, ಹಗಲಿಗೆ ಬರೀ ಸಮುದ್ರಸ್ನಾನ ಬರೆದಿದ್ದೆ. ಸಂಜೆ ಆರರ ಸುಮಾರಿಗೆ ಕತ್ತಲಾಗುತ್ತದೆ. ಆಮೇಲೆ ಟಾರ್ಚ್ ಹಿಡಿದು ಅಪರಿಚಿತರ ಸ್ಮಶಾನ ಸುತ್ತುವವರನ್ನು ಯಾವ ಊರಿನವರೂ ಕಳ್ಳರೆಂದೇ ತಿಳಿಯುತ್ತಾರೆ.

ಕಾರು ಬೇಕಾಗಲಿಲ್ಲ. ಬಸ್ಸಿಗೆ ಮೂರೂವರೆ ಬಾರ್ಬಡೋಸ್ ಡಾಲರ್. ಅವರ ಎರಡು ಡಾಲರ್ ಅಮೆರಿಕದ ಒಂದಕ್ಕೆ ಸಮ. ನಿಲ್ದಾಣದ ಫಲಕಗಳಲ್ಲಿ ಊರ ಹೆಸರಿರುವುದಿಲ್ಲ. ‘ನಗರಕ್ಕೆ’ ಅಥವಾ ‘ನಗರದಿಂದ ಹೊರಕ್ಕೆ’ ಎಂದಷ್ಟೇ ಇರುತ್ತದೆ. ಮೊದಲ ದಿನ ರಸ್ತೆಯ ತಪ್ಪು ಬದಿಯಲ್ಲಿ ನಿಂತು, ಆಯ್‌ಸ್ಟಿನ್ಸ್ ಎಂಬ ಊರಿಗೆ ಹೋಗಬೇಕಾದವರು ರಾಜಧಾನಿ ಬ್ರಿಜ್‌ಟೌನ್ ಸೇರಿದೆವು. ಭಾವಮೈದುನನಿಗೆ ಬೇಸರವೇನೂ ಆಗಲಿಲ್ಲ, ಮೈದಾನ ಅಲ್ಲೇ ಇತ್ತು.

ನಾವು ಇಳಿದಿದ್ದ ಮನೆಯ ಅಜ್ಜಿ ದೆವ್ವವನ್ನು ‘ಡಪ್ಪಿ’ ಎನ್ನುತ್ತಿದ್ದರು. ತಡರಾತ್ರಿ ಮನೆಗೆ ಬಂದರೆ ಹಿಮ್ಮುಖವಾಗಿ ಒಳಗೆ ಬರಬೇಕಂತೆ, ಇಲ್ಲವಾದರೆ ಡಪ್ಪಿಯೂ ಜೊತೆಗೆ ಬರುತ್ತದಂತೆ. ನಮ್ಮೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದನ್ನು ಹೇಳಿದೆ. ಓದು ಬಾರದ ದೆವ್ವವಾದರೆ ಏನು ಮಾಡುತ್ತೀರಿ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಕಿಟಕಿಯಾಚೆ ನೂರಾರು ಸಿಳ್ಳೆ ಕೇಳಿ ಎದ್ದು ಕುಳಿತೆ. ಬೆಳಿಗ್ಗೆ ವಿಚಾರಿಸಿದರೆ, ಹೆಬ್ಬೆರಳ ತುದಿಯಷ್ಟಿರುವ ಕಪ್ಪೆಗಳು.

ಆಯ್‌ಸ್ಟಿನ್ಸ್ ಬಳಿಯ ಕ್ರೈಸ್ಟ್ ಚರ್ಚ್ ಪ್ಯಾರಿಷ್ ಚರ್ಚಿನ ಅಂಗಳದಲ್ಲಿದೆ ಚೇಸ್ ಕುಟುಂಬದ ಗೋರಿ, ಅರ್ಧ ನೆಲದೊಳಗೆ ಹೂತ ಕಲ್ಲಿನ ಕೋಣೆ. 1812ರಿಂದ 1820ರ ನಡುವೆ ಪ್ರತಿ ಬಾರಿ ತೆರೆದಾಗಲೂ ಒಳಗಿನ ಶವಪೆಟ್ಟಿಗೆಗಳು ಚೆಲ್ಲಾಪಿಲ್ಲಿಯಾಗಿರುತ್ತಿದ್ದವು ಎಂಬುದು ಕತೆ. ಆಳುಗಳು ಕೂಡಿ ಎತ್ತಬೇಕಾದ ಸೀಸದ ಪೆಟ್ಟಿಗೆ ಕೂಡ ಜಾಗ ಬಿಟ್ಟಿತ್ತಂತೆ. ಕೊನೆಗೆ 1819ರಲ್ಲಿ ಗವರ್ನರ್ ಲಾರ್ಡ್ ಕಾಂಬರ್‌ಮಿಯರ್ ನೆಲಕ್ಕೆ ಮರಳು ಹರಡಿಸಿ ಬಾಗಿಲಿಗೆ ಮೊಹರು ಹಾಕಿಸಿದ. ಮರುವರ್ಷ ತೆರೆದಾಗ ಮೊಹರು ಹಾಗೇ ಇತ್ತು, ಮರಳಿನ ಮೇಲೆ ಹೆಜ್ಜೆಯಿರಲಿಲ್ಲ, ಪೆಟ್ಟಿಗೆಗಳು ಮಾತ್ರ ಅಡ್ಡಾದಿಡ್ಡಿ. ಶವಗಳನ್ನು ಬೇರೆಡೆ ಹೂತರು; ಗೋರಿ ಇಂದಿಗೂ ಖಾಲಿ. ಒಳಗೆ ಬಗ್ಗಿ ನೋಡಿದೆ: ಒಣ ಎಲೆ, ತಂಪು, ಅಷ್ಟೆ. ಈ ಕತೆ ಅಚ್ಚಾದದ್ದು 1833ರಲ್ಲಿ. ಚರ್ಚಿನ ದಫ್ತರಗಳಲ್ಲಿ ಪೆಟ್ಟಿಗೆ ಅಲುಗಿದ ಸುದ್ದಿಯಿಲ್ಲ. ನಾನಂತೂ ನಂಬಲಿಲ್ಲ.

ಆದರೆ ಮಧ್ಯೆ ಬರುವ ಒಂದು ಇಸವಿ ತಲೆಯಲ್ಲಿ ಕೂತಿತು. 1816ರ ಈಸ್ಟರ್ ದಿನ, ಏಪ್ರಿಲ್ 14ರಂದು, ಬುಸ್ಸಾ ಎಂಬ ಗುಲಾಮನ ಹೆಸರಿನಿಂದ ನೆನಪಾಗುವ ದಂಗೆ ಕಬ್ಬಿನ ತೋಟಗಳಲ್ಲಿ ಎದ್ದಿತು. ಅದರಲ್ಲಿ ಸತ್ತ ಬ್ರೂಸ್ಟರ್ ಎಂಬ ಬಿಳಿಯನ ಶವವನ್ನು ಅದೇ ವರ್ಷ ಈ ಗೋರಿಗೆ ತಂದಿಟ್ಟರೆಂದು ಕತೆಯೇ ಹೇಳುತ್ತದೆ. ಗುಲಾಮರೇ ಸೇಡಿಗಾಗಿ ಪೆಟ್ಟಿಗೆ ಸರಿಸಿದರೆಂಬ ಗುಮಾನಿಯೂ ಇತ್ತು. ಹಾಗಾದರೆ ಆ ಗುಲಾಮರು ಸತ್ತರೆ ಎಲ್ಲಿಗೆ ಹೋಗುತ್ತಿದ್ದರು? ನನ್ನ ಪಟ್ಟಿಯಲ್ಲಿ ಆ ಜಾಗವೇ ಇರಲಿಲ್ಲ. ಅಜ್ಜಿ ಹೇಳಿದರು: ನ್ಯೂಟನ್.

ಚರ್ಚಿನಿಂದ ಕೆಲವೇ ಕಿಲೋಮೀಟರ್. ಹುಲ್ಲು ಬೆಳೆದ ಇಳಿಜಾರು, ಪಕ್ಕದಲ್ಲಿ ಕಬ್ಬು. ಸುಮಾರು 570 ಗುಲಾಮರನ್ನು ಇಲ್ಲಿ ಹೂತಿದ್ದಾರೆಂದು ಅಂದಾಜು. ಹೆಸರು ಕೆತ್ತಿದ ಕಲ್ಲು ಒಂದೂ ಇಲ್ಲ. 1970ರ ದಶಕದಲ್ಲಿ ಅಗೆದಾಗ ಒಬ್ಬ ಮುದುಕನ ಅಸ್ಥಿಯೊಂದಿಗೆ ಒಂದು ಹಾರ ಸಿಕ್ಕಿತು: ಕವಡೆ, ನಾಯಿಯ ಹಲ್ಲು, ಮೀನಿನ ಮೂಳೆ, ಗಾಜಿನ ಮಣಿ, ನಡುವೆ ಒಂದು ದೊಡ್ಡ ಕೆಂಪು ಕಾರ್ನೇಲಿಯನ್ ಮಣಿ. ಅವನು ಮಂತ್ರ ಮದ್ದು ಬಲ್ಲವನಾಗಿದ್ದಿರಬೇಕು ಎನ್ನುತ್ತಾರೆ ಪುರಾತತ್ವಜ್ಞರು. ಆ ಮಣಿ ಬಹುಶಃ ನಮ್ಮ ಗುಜರಾತಿನ ಖಂಭಾತ್‌ನದು. ಖಂಭಾತ್‌ನಿಂದ ಆಫ್ರಿಕಕ್ಕೆ, ಅಲ್ಲಿಂದ ಇಲ್ಲಿಯವರೆಗೆ ಅದು ಯಾರ ಕೈಯಿಂದ ಯಾರ ಕೊರಳಿಗೆ ಬಂತೋ.

ಹಡಗುಗಳನ್ನು ಮುಳುಗಿಸಲು ತೆಂಗಿನ ಮರಗಳಿಗೆ ಲಾಂದ್ರ ಕಟ್ಟುತ್ತಿದ್ದನೆಂಬ ಸ್ಯಾಮ್ ಲಾರ್ಡ್‌ನ ಬಂಗಲೆಯ ಅವಶೇಷ ನೋಡುವುದು ಕೊನೆಯ ದಿನಕ್ಕಿತ್ತು. ಅದನ್ನು ಕೈಬಿಟ್ಟು ಮತ್ತೆ ನ್ಯೂಟನ್‌ಗೇ ಹೋದೆವು. ನೀವು ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ, ನೀರು ಇಟ್ಟುಕೊಳ್ಳಿ. ಅಲ್ಲಿ ಕೂರಲು ನೆರಳಿಲ್ಲ.