ಟೀವಿ ನೋಡಿದ ಹುಡುಗರಿಗೆ ಕುರುಕ್ಷೇತ್ರ ಕಲಿಸಿದ್ದು: ನನ್ನ ಅನುಭವ

ನಾನು ಕಲಿಸಿದ ಈ ಸಲದ ಕುರುಕ್ಷೇತ್ರ ನಾಟಕ ಗೆದ್ದಿತು. ನಾಗಮಂಗಲ ಕಡೆಯ ಹಳ್ಳಿಯಲ್ಲಿ ಬೆಳಗಿನ ಜಾವ ಗದಾಯುದ್ಧ ಮುಗಿಯುವವರೆಗೂ ಜನ ಎದ್ದು ಹೋಗಲಿಲ್ಲ. ಆಮೇಲೆ ಮೈಸೂರಿನ ಪುರಭವನದಲ್ಲಿ ಅದೇ ಹುಡುಗರು ಆಡಿದರು. ಅಲ್ಲೂ ಒನ್ಸ್ ಮೋರ್ ಬಂತು. "ಟೀವಿ ನೋಡ್ಕಂಡು ನಾಟ್ಕ ಕಲ್ತೋರುಂಟಾ ಮೇಷ್ಟ್ರೇ?" ಅಂದವರೇ ಈಗ ಫೋನ್ ಮಾಡಿ ಹೇಗೆ ಕಲಿಸಿದಿರಿ ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕಂದ, ವೃತ್ತ ಎಂಬ ಪದ್ಯದ ಬಗೆಗಳು, ಅವನ್ನು ಹಾಡುವ ಮಟ್ಟು ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ತೊಂದರೆ ಶುರುವಾಗಿದ್ದು 2020ರ ಲಾಕ್‌ಡೌನ್‌ನಲ್ಲಿ. ಸ್ಟಾರ್ ಪ್ಲಸ್‌ನವರು 2013ರಲ್ಲಿ ಮಾಡಿದ್ದ ಮಹಾಭಾರತ ಸ್ಟಾರ್ ಸುವರ್ಣದಲ್ಲಿ ಕನ್ನಡದಲ್ಲಿ ಬಂತು. ಮನೆಮನೆಯಲ್ಲೂ ನೋಡಿದರು. ನಮಗೆ ಹೊಸ ಹುಡುಗರು ಸಿಕ್ಕಿದ್ದೇ ಅದರಿಂದ, ಆ ಉಪಕಾರ ಮರೆಯುವುದಿಲ್ಲ. ಆದರೆ ಎಲ್ಲರೂ ಜಿಮ್‌ಗೆ ಹೋಗಿ ಎದೆ ಬೆಳೆಸಿಕೊಂಡು ಬಂದರು. ಬಂದವರು ಸ್ಟೇಜ್ ಮೇಲೆ ಸುಮ್ನೆ ನಿಂತುಬಿಡುತ್ತಿದ್ದರು. ಕಣ್ಣು ಕಿರಿದು ಮಾಡುವುದು, ತುಟಿಯಂಚಲ್ಲಿ ನಗುವುದು, ನಿಧಾನವಾಗಿ ತಿರುಗುವುದು. ಹಿಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತ ಅಜ್ಜಿಗೆ ಅದೆಲ್ಲ ಕಾಣುತ್ತದಾ? ಬಿ.ಆರ್. ಚೋಪ್ರಾ ಅವರ 1988ರ ಮಹಾಭಾರತ ನಮಗೆ ಇಷ್ಟು ತೊಂದರೆ ಕೊಟ್ಟಿರಲಿಲ್ಲ. ಅದರಲ್ಲಿ ಮಾತೇ ಜಾಸ್ತಿ, ನಮ್ಮ ನಾಟಕಕ್ಕೆ ಹತ್ತಿರ.

ಮೊದಲು ಹುಡುಗರು ಕೇಳಿದಂತೆಯೇ ಮಾಡಿ ನೋಡಿದೆವು. ಟೀವಿಯಲ್ಲಿ ಇರುವಂಥ ಫೈಬರ್ ಕವಚ ಮಾಡಿಸಿದೆವು. ಮೂರು ಸೆಟ್‌ಗೆ ಹತ್ತಿರ ಹತ್ತಿರ ಇಪ್ಪತ್ತು ಸಾವಿರ. ಎದೆಗೆ ಬಿಗಿಯಾಗಿ ಕೂತು ನೋಡುವುದಕ್ಕೆ ಚೆನ್ನಾಗಿತ್ತು. ಆದರೆ ಪದ್ಯ ಎತ್ತುವುದಕ್ಕೆ ಉಸಿರೇ ಸಿಗಲಿಲ್ಲ. ಲೈಟಿನ ಬಿಸಿಗೆ ಭೀಮನ ಪಾತ್ರಧಾರಿ ಎರಡನೇ ಸೀನಿಗೇ ಬೆವರಿ ಸುಸ್ತಾದ. ಆಮೇಲೆ ರೆಕಾರ್ಡ್ ಮಾಡಿದ ಹಿನ್ನೆಲೆ ಸಂಗೀತ ಹಾಕಿದೆವು. ಸ್ಟುಡಿಯೋಗೆ ಏಳೆಂಟು ಸಾವಿರ ಕೊಟ್ಟೆ. ಟ್ರ್ಯಾಕ್ ಒಂದು ಶ್ರುತಿ, ಕರ್ಣ ಒಂದು ಶ್ರುತಿ. ಮಧ್ಯರಾತ್ರಿ ಕಳೆದ ಮೇಲೆ ಗಂಟಲು ಇಳಿಯುತ್ತದೆ, ಟ್ರ್ಯಾಕ್ ಇಳಿಯುತ್ತದಾ? ಹಾರ್ಮೋನಿಯಂ ಮೇಷ್ಟ್ರು ಇದ್ದರೆ ಶ್ರುತಿಯನ್ನು ಅರ್ಧ ಮನೆ ಇಳಿಸಿ ಕಾಪಾಡುತ್ತಾರೆ. ಕಿವಿಗೆ ಸಿಕ್ಕಿಸುವ ಮೈಕನ್ನೂ ಬಾಡಿಗೆಗೆ ತಂದೆವು. ಕಿರೀಟಕ್ಕೆ ತಗುಲಿ ರಾತ್ರಿಯೆಲ್ಲ ಕರಕರ ಸದ್ದು. ಈ ಮೂರಕ್ಕೂ ಹೋದ ದುಡ್ಡು ನನ್ನ ಜೇಬಿನದು.

ಆಮೇಲೆ ಬೇರೆ ದಾರಿ ಹಿಡಿದೆ. ಟೀವಿ ಮಹಾಭಾರತದ ಸಂಧಾನದ ಸೀನನ್ನು ಫೋನಿನಲ್ಲಿ ಸದ್ದಿಲ್ಲದೆ ಹಾಕಿ ತೋರಿಸಿದೆ. ಕ್ಯಾಮೆರಾ ಯಾರ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಹುಡುಗರಿಗೇ ಬರೆಯಲು ಹೇಳಿದೆ. ಬರೆದ ಮೇಲೆ ಅವರಿಗೇ ಗೊತ್ತಾಯಿತು, ಟೀವಿಯ ವೀರ ಹೆಚ್ಚೇನೂ ಅಲುಗಾಡುವುದಿಲ್ಲ. ಓಡಾಡುವುದೆಲ್ಲ ಕ್ಯಾಮೆರಾ. ನಮ್ಮಲ್ಲಿ ಆ ಕೆಲಸ ಮಾಡುವವರು ಯಾರು? ಪದ್ಯ. ಅಲ್ಲಿ ಮುಖ ದೊಡ್ಡದಾಗುವ ಜಾಗದಲ್ಲೆಲ್ಲ ಇಲ್ಲಿ ಪದ್ಯ ಎತ್ತಿಸಿದೆ. ಪದ್ಯ ಹೊಂದದ ಕಡೆ ಮೂರು ಹೆಜ್ಜೆ, ಅದೂ ಆಗದಿದ್ದರೆ ಗದೆ ಹೆಗಲಿಗೆ. ಜೊತೆಗೆ ಸಭೆಯಲ್ಲಿ ಕೂತ ಭೀಷ್ಮ, ದ್ರೋಣ, ವಿದುರ, ಶಕುನಿ ಎಲ್ಲರೂ ಒಂದೇ ಸಲ ಮಾತಾಡುವವನ ಕಡೆ ತಿರುಗಬೇಕು. ಅವರು ತಿರುಗಿದರೆ ಇಡೀ ಊರಿನ ಕಣ್ಣು ಅಲ್ಲಿಗೇ ಹೋಗುತ್ತದೆ. ಒಂದೇ ಸಲ ತಿರುಗಲು ಹಾರ್ಮೋನಿಯಂನಿಂದ ಒಂದು ಸನ್ನೆ ಇಟ್ಟಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಪ್ರಾಕ್ಟೀಸಿಗೆ ಬಂದವರಿಗೆ ತಿಳಿಯುತ್ತದೆ.

ಇದಕ್ಕಿಂತ ಕಷ್ಟದ ಕೆಲಸ ದುರ್ಯೋಧನನದು. ಟೀವಿಯಲ್ಲಿ ಅವನು ವಿಲನ್. ಮಂಡ್ಯದಲ್ಲಿ ಅವನೇ ದೊರೆ. ನಮ್ಮಲ್ಲಿ ಪಾತ್ರ ಮಾಡುವವರೇ ದುಡ್ಡು ಕಟ್ಟುತ್ತಾರೆ, ನಮ್ಮ ತಂಡದಲ್ಲಿ ಆ ಪಾತ್ರಕ್ಕೆ ಅರವತ್ತು ಸಾವಿರದಷ್ಟು ಕಟ್ಟಬೇಕು. ಕೃಷ್ಣನಿಗೆ ನಲವತ್ತು, ಕರ್ಣ ಭೀಮರಿಗೆ ಮೂವತ್ತರ ಆಸುಪಾಸು, ವಿದುರನಿಗೆ ಹತ್ತು. ಸೀನರಿ, ಲೈಟು, ಸ್ತ್ರೀ ಪಾತ್ರದವರು, ಊಟ ಸೇರಿ ಒಂದು ರಾತ್ರಿಗೆ ನಾಲ್ಕು ಲಕ್ಷ ದಾಟುತ್ತದೆ. ಅಷ್ಟು ಕಟ್ಟಿದವನು ಬರೀ ಹಲ್ಲು ಕಡಿದು ಕಿರುಚಿದರೆ ಹನ್ನೆರಡು ಗಂಟೆಗೆ ಗಂಟಲು ಹೋಗುತ್ತದೆ, ಊರವರ ಮನಸ್ಸಿಗೂ ಬರುವುದಿಲ್ಲ. ಕನ್ನಡದವರಿಗೆ ದುರ್ಯೋಧನನ ಮೇಲೆ ಹಳೆಯ ಪ್ರೀತಿ. ಹತ್ತನೇ ಶತಮಾನದ ರನ್ನ ತನ್ನ ಗದಾಯುದ್ಧಕ್ಕೆ ಭೀಮನನ್ನೇ ನಾಯಕ ಮಾಡಿದ. ಆದರೂ ಓದುವವರ ಕಣ್ಣು ತುಂಬುವುದು ದುರ್ಯೋಧನನಿಗೆ. ರಣರಂಗದಲ್ಲಿ ಶತ್ರುವಿನ ಮಗ ಅಭಿಮನ್ಯುವಿನ ಹೆಣ ಕಂಡು ಅವನ ಶೌರ್ಯವನ್ನು ಹೊಗಳುತ್ತಾನಲ್ಲ, ಅಂಥವನನ್ನು ಬರೀ ಕೆಟ್ಟವನು ಅನ್ನೋದಕ್ಕಾಗುತ್ತದಾ?

ಹಾಗಾಗಿ ಹುಡುಗನಿಗೆ ದರ್ಬಾರ್ ಸೀನ್ ಮೊದಲು ಕೊಡಲಿಲ್ಲ. ಕರ್ಣ ಸತ್ತ ಮೇಲಿನ ಅಳುವಿನಿಂದ ಶುರು ಮಾಡಿಸಿದೆ. ತಿಂಗಳುಗಟ್ಟಲೆ ಅದೊಂದೇ. "ಇವ್ನು ಅಳೋಕೆ ದುಡ್ಡು ಕಟ್ಟವ್ನಾ?" ಅಂತ ಅವರಪ್ಪ ಜಗಳಕ್ಕೇ ಬಂದರು. ಕಳೆದುಕೊಳ್ಳುವುದೇನು ಅಂತ ಗೊತ್ತಾದ ಮೇಲೆ ದರ್ಬಾರಿಗೆ ಬಿಟ್ಟೆ. ಆಗ ಅವನ ಸಿಟ್ಟಿಗೆ ತೂಕ ಬಂದಿತ್ತು. ಕಿರುಚುವುದು ತಾನಾಗೇ ನಿಂತಿತು. ಆಟದ ರಾತ್ರಿ ಅವನಿಗೆ ಬಿದ್ದ ಹಾರಗಳನ್ನು ತೆಗೆದಿಡುವುದಕ್ಕೇ ಒಬ್ಬ ಆಳು ಬೇಕಾಯಿತು. ನೋಟಿನ ಹಾರವೇ ಹದಿನೈದು ಸಾವಿರದ ಹತ್ತಿರ ಆಯಿತು ಅಂದರು.

ಕರ್ಣನಿಗೆ ಒಂದೇ ಮಾತು ಹೇಳಿದ್ದೆ. ಕುಂತಿಯ ಮುಂದೆ ನೀನು ಅಳಬೇಡ, ಕುಂತಿ ಅಳಲಿ. ಟೀವಿಯಲ್ಲಿ ಕರ್ಣನ ಅವಮಾನವನ್ನು ಎಷ್ಟು ತೋರಿಸುತ್ತಾರೆಂದರೆ ಅವನ ಗತ್ತೇ ಮರೆತುಹೋಗುತ್ತದೆ. ಕೃಷ್ಣನ ನಗುವನ್ನೂ ಕಟ್ ಮಾಡಿದೆ. ಸಂಧಾನಕ್ಕೆ ಬಂದ ಕೃಷ್ಣ ರಾಯಭಾರಿ. ಚೌಕಾಸಿ ಮಾಡುತ್ತಾನೆ, ಕೆಣಕುತ್ತಾನೆ. ದುರ್ಯೋಧನ ಕಟ್ಟಿಹಾಕಲು ಬಂದಾಗ ಒಂದು ಸಲ ಮಾತ್ರ ನಗಬೇಕು ಎಂದೆ. ಆ ನಗುವಿಗೆ ಪುರಭವನದಲ್ಲಿ ಶಿಳ್ಳೆ ಬಿತ್ತು.

ನಡುವೆ ಮೀಸೆಯದೊಂದು ಪ್ರಯೋಗ ಮಾಡಿದೆ. ಟೀವಿಯಂತೆ ಅರ್ಜುನನಿಗೆ ಮೀಸೆ ತೆಗೆಸಿ ನೋಡಿದೆ. ದೂರದಿಂದ ಅರ್ಜುನ ಯಾರು, ಕೃಷ್ಣ ಯಾರು ತಿಳಿಯಲಿಲ್ಲ. ಮತ್ತೆ ಮೀಸೆ ಅಂಟಿಸಿದೆವು.

ಈಗ ಕೈ ಹಚ್ಚಿರುವುದು ಅಭಿಮನ್ಯುವಿಗೆ. ಟೀವಿಯಲ್ಲಿ ಚಕ್ರವ್ಯೂಹವೆಂದರೆ ಗ್ರಾಫಿಕ್ಸ್, ಮೇಲಿನಿಂದ ಸುತ್ತುವ ಸೈನ್ಯ. ನಮ್ಮ ಸ್ಟೇಜಿನಲ್ಲಿ ಆರು ಜನ ಮಹಾರಥರು ಕತ್ತಿ ಬೀಸಿದರೆ ಒಬ್ಬರಿಗೊಬ್ಬರು ತಗುಲುತ್ತಾರೆ. ಲೈಟು ಇಳಿಸಿ, ಆರು ಕಡೆಯಿಂದ ಬರೀ ದನಿ ಬರುವ ಹಾಗೆ ಮಾಡಿ ನೋಡುತ್ತಿದ್ದೇನೆ. ಸೈಡ್ ವಿಂಗಿನಿಂದ ಬರುವ ನಾಲ್ಕು ದನಿ ಸರಿಯಾಗಿವೆ, ಹಿಂದಿನ ಪರದೆಯಿಂದ ಬರುವ ಎರಡು ಇನ್ನೂ ಕೇಳುತ್ತಿಲ್ಲ. ಅಭಿಮನ್ಯುವಿನ ಪಾತ್ರಕ್ಕೆ ಮೇಲಿನ ಶ್ರುತಿಯಲ್ಲಿ ಹಾಡುವ ಹುಡುಗ ಬೇಕು. ಮಳವಳ್ಳಿ ಕಡೆ ಒಬ್ಬನಿದ್ದಾನೆ, ಕಬ್ಬು ಕಡಿಯುವ ಕೆಲಸ. ಪಾತ್ರದ ದುಡ್ಡು ನೀನು ಕಟ್ಟಬೇಡ, ಪ್ರಾಕ್ಟೀಸಿಗೆ ಬಾ ಎಂದು ಹೇಳಿ ಕಳಿಸಿದ್ದೇನೆ.