ಅರೆತಲೆನೋವಿಗೆ ತೋಳಿನ ಪಟ್ಟಿ: ನಾನು ಬಳಸುವ ರೀತಿ

ತಲೆ ನೋಯುವುದು ಎಡಗಣ್ಣಿನ ಹಿಂದೆ, ಪಟ್ಟಿ ಕಟ್ಟುವುದು ತೋಳಿಗೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಕಟ್ಟಿಕೊಂಡು ಕೂತರೆ ಪಿಂಚಣಿಗೆ ಬಂದ ಅಜ್ಜಿಯರು "ಬಿಪಿ ನೋಡ್ಕೋತಿದೀಯೇನವ್ವಾ?" ಅಂತ ಕೇಳುತ್ತಾರೆ. ಹೂಂ ಅಂದುಬಿಡುತ್ತೇನೆ, ಕ್ಯೂ ಉದ್ದ ಇರುತ್ತೆ.

ಚರ್ಮದ ಮೇಲಿಂದ ಸಣ್ಣ ಕರೆಂಟು ಕೊಡುವ ಈ ಪಟ್ಟಿಯ ಹೆಸರು ನೆರಿವಿಯೊ. ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. 2023ರಲ್ಲಿ ಡಾಕ್ಟರ್ ರೆಡ್ಡೀಸ್ ಕಂಪನಿ ಭಾರತಕ್ಕೂ ತಂದಿತು. ಡಾಕ್ಟರ ಚೀಟಿ ಬೇಕು. ಪೇಸ್‌ಮೇಕರ್‌ನಂಥ ಸಾಧನ ಮೈಯೊಳಗಿದ್ದರೆ, ಹಾರ್ಟ್ ಫೇಲ್ಯೂರ್ ಇದ್ದರೆ, ಹತೋಟಿಗೆ ಬಾರದ ಮೂರ್ಛೆರೋಗವಿದ್ದರೆ ಇದು ಬೇಡ. ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಮೊದಲು ಹೊತ್ತಿನ ವಿಷಯ. ನೋವು ಶುರುವಾದ ಒಂದು ಗಂಟೆಯೊಳಗೆ ಕಟ್ಟಬೇಕು. ನನಗೆ ನೋವಿಗೆ ಮುಂಚೆ ಕಣ್ಣಂಚಿನಲ್ಲಿ ಅಂಕುಡೊಂಕು ಬೆಳಕು ಕಾಣುತ್ತದೆ, ಮನಿಯಾರ್ಡರ್ ಫಾರಂನ ಅಂಕಿಗಳು ಅರ್ಧ ಮಾಯವಾಗುತ್ತವೆ. ಆಗಲೇ ಬ್ಯಾಗಿಗೆ ಕೈ ಹಾಕುತ್ತೇನೆ. "ಸ್ವಲ್ಪ ನೋಡೋಣ" ಅಂತ ಕಾಯುವವರಿಗೆ ಫಲ ಕಡಿಮೆ.

ಜಾಗ: ಭುಜಕ್ಕೂ ಮೊಣಕೈಗೂ ನಡುವೆ, ತೋಳಿನ ಹೊರಬದಿ. ಚರ್ಮ ಒಣಗಿರಬೇಕು. ಎಣ್ಣೆಸ್ನಾನದ ದಿನವಾದರೆ ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿ. ಜಿಡ್ಡಿದ್ದರೆ ಅಂಟುವುದಿಲ್ಲ. ಆಮೇಲೆ ಮೊಬೈಲಿನ ಆ್ಯಪ್ ತೆರೆದು ಶುರು ಮಾಡಿ. ಒಂದು ಸಲಕ್ಕೆ 45 ನಿಮಿಷ.

ಜಾಸ್ತಿ ಜನ ಎಡವುವುದು ಕರೆಂಟಿನ ಜೋರು ಎಷ್ಟಿರಬೇಕು ಅನ್ನುವಲ್ಲಿ. ಸುಮ್ನೆ ಕಚಗುಳಿಯಷ್ಟು ಇಟ್ಟುಕೊಂಡು "ಇದು ದುಡ್ಡು ದಂಡ" ಅನ್ನುತ್ತಾರೆ. ಗಟ್ಟಿಯಾಗಿ ಚುರುಗುಟ್ಟಬೇಕು, ಆದರೆ ನೋಯಬಾರದು. ಐದು ನಿಮಿಷಕ್ಕೆ ಒಗ್ಗಿಹೋಗುತ್ತದೆ, ಆಗ ಇನ್ನೊಂಚೂರು ಏರಿಸಿ.

ಹಾಗೇಕೆ ಅಂದರೆ, ತೋಳಿನಲ್ಲಿ ನೋವಿನ ಸುದ್ದಿ ಒಯ್ಯುವ ಸಣ್ಣ ನರಗಳನ್ನೇ ಅದು ಎಬ್ಬಿಸಬೇಕು. ಆ ಸುದ್ದಿ ಬೆನ್ನುಹುರಿ ಹತ್ತಿ ಮೆದುಳಿನ ಬುಡಕ್ಕೆ ಹೋಗುತ್ತದೆ. ಅಲ್ಲಿಂದ ಕೆಳಗೆ ನೋವು ತಡೆಯುವ ಆಜ್ಞೆ ಹೊರಡುತ್ತದೆ, ಅದು ತಲೆಯ ನೋವಿಗೂ ಅನ್ವಯಿಸುತ್ತದೆ. ಈ ಕೆಲಸಕ್ಕೆ ಸೆರೊಟೋನಿನ್, ನೊರ್‌ಅಡ್ರಿನಲಿನ್ ಜೊತೆಗೆ ಮೆದುಳು ತಾನೇ ತಯಾರಿಸುವ ಅಫೀಮಿನಂಥ ರಾಸಾಯನಿಕಗಳೂ ಬಳಕೆಯಾಗುತ್ತವೆ ಅನ್ನುವುದು ಸಂಶೋಧಕರ ಅಂದಾಜು. ಎಂಡಾರ್ಫಿನ್ ಹೆಸರು ಕೇಳಿರುತ್ತೀರಿ, ಅದೇ ಗುಂಪು. ಚರ್ಮದ ಮೇಲಿಂದ ನಿಧಾನವಾಗಿ ಮಿಡಿಯುವ ಕರೆಂಟು ಕೊಟ್ಟಾಗ ಸಿಗುವ ಉಪಶಮನವನ್ನು ನ್ಯಾಲೊಕ್ಸೋನ್ ಇಳಿಸಿಬಿಡುತ್ತದೆ ಎಂದು ಹಳೆಯ ಪ್ರಯೋಗಗಳಲ್ಲೇ ಕಂಡಿತ್ತು. ಅದು ಅಫೀಮಿನ ಪರಿಣಾಮವನ್ನು ತಡೆಯುವ ಔಷಧ. ಮಿಶಿಗನ್ ವಿಶ್ವವಿದ್ಯಾಲಯದವರು ಮೈಗ್ರೇನ್ ಬಂದಿರುವಾಗಲೇ ರೋಗಿಗಳ ಮೆದುಳಿನ ಸ್ಕ್ಯಾನ್ ತೆಗೆದು ನೋಡಿದರು. ಈ ರಾಸಾಯನಿಕಗಳು ಆಗಲೇ ಹೊರಬರುತ್ತಿದ್ದ ಗುರುತು ಸಿಕ್ಕಿತು. ಮೆದುಳು ತನ್ನ ಪಾಡಿಗೆ ಹೋರಾಡುತ್ತಲೇ ಇರುತ್ತದೆ, ಅಲ್ವಾ?

ನಿರೀಕ್ಷೆ ಅಳತೆಯಲ್ಲಿರಲಿ. 252 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಎರಡು ಗಂಟೆಯೊಳಗೆ ನೋವು ಇಳಿದದ್ದು ನಿಜವಾದ ಪಟ್ಟಿ ಕಟ್ಟಿದವರಲ್ಲಿ ನೂರಕ್ಕೆ ಸುಮಾರು 67 ಮಂದಿಗೆ. ನಕಲಿ ಪಟ್ಟಿ ಕಟ್ಟಿದವರಲ್ಲೂ ನೂರಕ್ಕೆ ಸುಮಾರು 39 ಮಂದಿಗೆ ಇಳಿಯಿತು! ನಂಬಿಕೆಯಿಂದ ಬರುವ ಉಪಶಮನಕ್ಕೂ ಇದೇ ರಾಸಾಯನಿಕಗಳು ಬೇಕು. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ನ್ಯಾಲೊಕ್ಸೋನ್ ಕೊಟ್ಟು ನೋಡಿದಾಗ ಅದು ತಿಳಿದದ್ದು. ಹಾಗಾಗಿ ಯಾರಾದರೂ "ಬರೀ ಮನಸ್ಸಿನ ಭ್ರಮೆ" ಅಂದರೆ ನಾನು ವಾದಕ್ಕೆ ಹೋಗುವುದಿಲ್ಲ.

ಮಾತ್ರೆಗಳ ಲೆಕ್ಕ ಮಾತ್ರ ಇಡಲೇಬೇಕು. ಟ್ರಮಡಾಲ್, ಕೊಡೀನ್‌ನಂಥ ಅಫೀಮಿನ ಜಾತಿಯ ನೋವಿನ ಔಷಧ ಇರುವ ಮಾತ್ರೆಗಳನ್ನು ತಿಂಗಳಿಗೆ ಹತ್ತು ದಿನ ಅಥವಾ ಹೆಚ್ಚು ನುಂಗುತ್ತಾ ತಿಂಗಳುಗಟ್ಟಲೆ ಹೋದರೆ ಮಾತ್ರೆಯಿಂದಲೇ ತಲೆನೋವು ಬರತೊಡಗುತ್ತದೆ. ಬರೀ ಪ್ಯಾರಸಿಟಮಾಲ್ ಆದರೆ ಹದಿನೈದು ದಿನ. ಇನ್ನೊಂದು ವಿಷಯ: ಅದೇ ಅಫೀಮಿನ ಜಾತಿಯ ಮಾರ್ಫಿನ್‌ಗೆ ಒಗ್ಗಿದ ಇಲಿಗಳಲ್ಲಿ ನಿಧಾನವಾಗಿ ಮಿಡಿಯುವ ಕರೆಂಟು ಕೆಲಸವನ್ನೇ ಮಾಡಲಿಲ್ಲ. ಎರಡೂ ಒಂದೇ ಬಾಗಿಲು ತಟ್ಟುವುದರಿಂದ ಹೀಗೆ. ಅಫೀಮಿನ ಜಾತಿಯ ಮಾತ್ರೆ ರೂಢಿಯಾಗಿದ್ದರೆ ಪಟ್ಟಿ ಕೊಳ್ಳುವ ಮುಂಚೆ ನರರೋಗ ತಜ್ಞರಿಗೆ ಅದನ್ನು ಮುಚ್ಚಿಡದೆ ಹೇಳಿ. ನೀವಾಗೇ ಥಟ್ಟನೆ ನಿಲ್ಲಿಸಬೇಡಿ.

ಹಿಂದೆಂದೂ ಇಲ್ಲದಂಥ ನೋವು ಸಿಡಿಲಿನಂತೆ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ, ಜ್ವರದ ಜೊತೆ ಕತ್ತು ಬಿಗಿದರೆ ಪಟ್ಟಿ ಹುಡುಕುತ್ತಾ ಕೂರಬೇಡಿ. ನೇರವಾಗಿ ಆಸ್ಪತ್ರೆಗೆ ಹೋಗಿ.